ವೇದಿಕೆಯ ಒಂಬತ್ತು ಹೆಜ್ಜೆ

ಅಥವಾ ‘ನಿಲ್ಲಿ’ ಎಂದಿದ್ದೆನೋ ಏನೋ. ಅಂದಿದ್ದರೂ ಅದು ಮಾಸ್ತರರ ಕಾಲು ವೇದಿಕೆಯ ಅಂಚು ದಾಟುವ ಮೊದಲೋ, ದಾಟಿದ ಮೇಲೋ ಎಂಬುದು ಪ್ರತಿ ಸಲ ಬೇರೆ ಬೇರೆ ಥರ ನೆನಪಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ನೆನೆದರೆ ಹೇಳಿದ್ದೆ ಅನ್ನಿಸುತ್ತದೆ. ಬಸ್ಸಿನಲ್ಲಿ ಕೂತು ನೆನೆದರೆ ಹೇಳಿರಲಿಲ್ಲ. ಒಮ್ಮೊಮ್ಮೆ ನನ್ನ ದನಿಯೇ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಆದರೆ ಹಾಗೆ ಬೀಳುವುದು ನನ್ನ ಈಗಿನ ದನಿ, ಬೀಡಿ ಸೇದಿ ಒಡೆದದ್ದು. ಆಗ ನನಗೆ ಇಪ್ಪತ್ತೈದು ಕೂಡ ತುಂಬಿರಲಿಲ್ಲ. ಹಾಗಾಗಿ ಆ ‘ನಿಲ್ಲಿ’ಯನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು.

ಹಾಗೆ ಆಮೇಲೆ ಸೇರಿಸಿಕೊಳ್ಳಲಾಗದ ಸಂಗತಿಗಳಿಂದ ಶುರುಮಾಡುತ್ತೇನೆ.

ಹೊನ್ನಾವರದ ಒಂದು ಹೈಸ್ಕೂಲು. ಅಕ್ಟೋಬರ್ ರಜೆಯ ಮೂರು ದಿನ. ಮೊಬೈಲಿನಲ್ಲಿ ಕ್ಯಾಮೆರಾ ನಮ್ಮ ಕಡೆ ಆಗಷ್ಟೇ ಕಾಣಿಸತೊಡಗಿದ್ದ ಕಾಲ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮೂವತ್ತು ಚಿಲ್ಲರೆ ವಿಜ್ಞಾನ ಶಿಕ್ಷಕರು ಬಂದಿದ್ದರು. ರಿಮೋಟಿನಿಂದ ಪುಟ್ಟ ರೋಬೋಟ್ ಓಡಿಸುವುದು, ಅದಕ್ಕೆ ಬೆಳಕಿನ ಸೆನ್ಸರ್ ಕೂರಿಸುವುದು, ಇದನ್ನು ಅವರು ಕಲಿತು ಹೋಗಿ ಮಕ್ಕಳಿಗೆ ಕಲಿಸಬೇಕು. ಅವರಿಗೆ ಕಲಿಸುವವನು ನಾನು. ಸುತ್ತೋಲೆಯಲ್ಲಿ ನನ್ನನ್ನು ‘ಸಂಪನ್ಮೂಲ ವ್ಯಕ್ತಿ’ ಎಂದು ಬರೆದಿದ್ದರು. ಆ ಕಾಗದವನ್ನು ಅಮ್ಮ ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಳು.

ಅದಕ್ಕೂ ಮೊದಲು ನಾನು ಭಟ್ಕಳದಲ್ಲಿ ಟಿವಿ ರಿಪೇರಿ ಅಂಗಡಿಯೊಂದರಲ್ಲಿ ಕೂರುತ್ತಿದ್ದೆ. ದುಬೈಯಿಂದ ಬಂದ ಟಿವಿಗಳು, ಪ್ಲಾಸ್ಟಿಕ್ ಹಾಳೆ ಬಿಚ್ಚದ ಅವುಗಳ ರಿಮೋಟುಗಳು. ಹಾಳೆ ಬಿಚ್ಚದಿದ್ದರೂ ಉಪ್ಪುಗಾಳಿ ಒಳಗೆ ಹೋಗುತ್ತದೆ. ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಗುಂಡಿಯ ಕೆಳಗಿನ ಕಪ್ಪು ಬಿಲ್ಲೆ ಅಂಟಾಗುತ್ತದೆ. ಸ್ಪಿರಿಟ್ಟಿನಲ್ಲಿ ಒರೆಸಿ, ಪೆನ್ಸಿಲ್ ಉಜ್ಜಿ ಕೊಟ್ಟರೆ ಮತ್ತೆ ಒಂದು ಮಳೆಗಾಲ ಬಾಳಿಕೆ ಬರುತ್ತದೆ. ಹಾಳಾದ ಸಾಮಾನು ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಅದರಿಂದಲೇ ನಾನು ಚಪಾತಿಯಷ್ಟಗಲದ ಪ್ಲೈವುಡ್ ತುಂಡಿಗೆ ಆಟಿಕೆ ಕಾರಿನ ಎರಡು ಮೋಟರ್ ಕಟ್ಟಿ, ಟಿವಿ ರಿಮೋಟಿನಿಂದ ಓಡುವ ಗಾಡಿ ಮಾಡಿದ್ದು. ಚಾನೆಲ್ ಗುಂಡಿ ಒತ್ತಿದರೆ ಹಿಂದೆ ಮುಂದೆ, ವಾಲ್ಯೂಮ್ ಗುಂಡಿ ಒತ್ತಿದರೆ ಎಡಕ್ಕೆ ಬಲಕ್ಕೆ. ಭಾನುವಾರ ಶಾಲೆಗಳಿಗೆ ಹೋಗಿ ಮಕ್ಕಳಿಗೆ ತೋರಿಸುತ್ತಿದ್ದೆ. ಕುಮಟೆಯ ಒಂದು ವಿಜ್ಞಾನ ಪ್ರದರ್ಶನದಲ್ಲಿ ಯಾರೋ ಅಧಿಕಾರಿ ನೋಡಿದರು. ಹಾಗೆ ಸಂಪನ್ಮೂಲ ವ್ಯಕ್ತಿಯಾದೆ.

ಮೊದಲ ದಿನ ಹಾಜರಿ ಕರೆಯುವಾಗ ಒಂದು ದನಿ ಕೇಳಿತು. “ಇದ್ದೇನೆ ಸರ್” ಅಂತ. ಮುಖ ನೋಡುವ ಮೊದಲೇ ಯಾರೆಂದು ಗೊತ್ತಾಯಿತು. ಮಾವಳ್ಳಿಯ ಹತ್ತಿರದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮಾಸ್ತರು. ಈಗ ಕುಮಟಾ ಕಡೆಯ ಶಾಲೆಯಲ್ಲಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ದಪ್ಪ ಕನ್ನಡಕ. ಅಂಗಿಯ ಕಾಲರು ಮಾತ್ರ ಮೊದಲಿನ ಹಾಗೇ ಗಂಜಿ ಹಾಕಿ ನಿಲ್ಲಿಸಿದ್ದು.

ಅವರು ನನಗೆ ಮಾಡಿದ್ದನ್ನು ಹೇಳಬೇಕು. ಇದನ್ನು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೇನೆಂದರೆ ಈಗ ಇದು ಕಲ್ಲಿನ ಹಾಗೆ ನುಣುಪಾಗಿದೆ. ನುಣುಪಾದದ್ದನ್ನು ನಾನು ನಂಬುವುದಿಲ್ಲ. ಆದರೂ ಹೇಳುತ್ತೇನೆ.

ನಮ್ಮ ಕಡೆ ರೈಲು ಹೊಸದಾಗಿ ಓಡತೊಡಗಿದ್ದ ವರ್ಷ. ಒಂಬತ್ತನೇ ತರಗತಿ. ವಾಸನೆ ಗಾಳಿಯಲ್ಲಿ ಹರಡುವುದಕ್ಕೆ ಪಠ್ಯದಲ್ಲಿ ವಿಸರಣೆ ಎಂಬ ಹೆಸರು. ಊದುಬತ್ತಿ ಹಚ್ಚಿ ತೋರಿಸುವುದು ವಾಡಿಕೆ. ಆ ದಿನ ಊದುಬತ್ತಿ ಮುಗಿದಿತ್ತು.

“ಊದುಬತ್ತಿ ಎಂತಕ್ಕೆ? ಇವನಿದಾನಲ್ಲ ನಮ್ಮ ಹತ್ರ” ಎಂದರು ಮಾಸ್ತರು. “ಬಾರಾ ಇಲ್ಲಿ. ಬಾಗ್ಲ ಹತ್ರ ನಿಂತ್ಕೊ. ಗಾಳಿಗೆ ಬೆನ್ನು ಕೊಡು. ಹಾಂ. ಈಗ ಒಣಮೀನು ಯಾವ ಬೆಂಚಿಗೆ ಬಂತೋ ಆ ಬೆಂಚಿನವರು ಕೈ ಎತ್ತಿ.”

ನಮ್ಮ ಮನೆಯಲ್ಲಿ ಮೀನು ಒಣಗಿಸುತ್ತಿದ್ದರು. ಅಂಗಿ ಒಣಹಾಕುತ್ತಿದ್ದದ್ದೂ ಅದೇ ಅಂಗಳದಲ್ಲಿ. ಬೆಂಚು ಬೆಂಚಾಗಿ ಕೈಗಳು ಎದ್ದವು. ಮಾಸ್ತರು ಗಡಿಯಾರ ನೋಡಿ ಬೋರ್ಡಿನ ಮೇಲೆ ಸೆಕೆಂಡು ಬರೆದರು. ನಾಲ್ಕನೇ ಬೆಂಚಿನವರು ಮೂಗು ಮುಚ್ಚಿಕೊಂಡು ಕೈ ಎತ್ತಿದರು. ಹುಡುಗಿಯರ ಕಡೆ ಒಬ್ಬಳು ಎತ್ತಲೋ ಬೇಡವೋ ಎಂದು ಅರ್ಧಕ್ಕೆ ನಿಲ್ಲಿಸಿದ್ದಳು. ಅವಳಿಗೂ ಮಾಸ್ತರು, “ಪೂರ್ತಿ ಎತ್ತು, ವಿಜ್ಞಾನದಲ್ಲಿ ನಾಚಿಕೆ ಇಲ್ಲ” ಎಂದರು. ಪರೀಕ್ಷೆಯಲ್ಲಿ ವಿಸರಣೆಯ ಪ್ರಶ್ನೆಗೆ ಇಡೀ ತರಗತಿಗೆ ಪೂರ್ತಿ ಅಂಕ ಬಂತು. ಹಾಗೆ ಪಾಠ ಮಾಡಿದರೆ ಯಾರೂ ಮರೆಯುವುದಿಲ್ಲ.

ಮೊದಲ ದಿನದ ಊಟದ ಹೊತ್ತಿಗೆ ಅವರೇ ನನ್ನ ಎದುರು ಬಂದು ಕೂತರು.

“ಸರ್, ನಿಮ್ಮದು ಯಾವೂರಾತು?”

“ಮಾವಳ್ಳಿ.”

“ಓಹೋ! ನಾ ಆ ಬದಿಗೆ ಎಂಟು ವರ್ಷ ಇದ್ದೆ. ಒಳ್ಳೆ ಮಕ್ಕಳು. ಹೇಳಿದ್ದನ್ನ ಕೇಳ್ತಿದ್ರು.”

ನನ್ನ ಗುರುತು ಅವರಿಗೆ ಸಿಗಲಿಲ್ಲ. ಅಥವಾ ಸಿಕ್ಕಿಯೂ ಹಾಗೆ ಅಂದರೋ. ಆ ಕ್ಷಣ ನನಗೆ ಉರಿದದ್ದು ಹಳೆಯ ಅವಮಾನಕ್ಕಲ್ಲ, ಆ ‘ಒಳ್ಳೆ ಮಕ್ಕಳು’ ಎಂಬ ಮಾತಿಗೆ. ಹತ್ತು ವರ್ಷ ನಾನು ಹೊತ್ತುಕೊಂಡು ತಿರುಗಿದ್ದನ್ನು ಅವರು ಎಲ್ಲೋ ಬಸ್ಸಿನಲ್ಲಿ ಮರೆತು ಇಳಿದಿದ್ದರು. ಅದಕ್ಕಿಂತ ಹೆಚ್ಚಾಗಿ, ಅವರು ನನ್ನನ್ನು ‘ಸರ್’ ಎನ್ನುತ್ತಿದ್ದರು. ಪ್ರತಿ ವಾಕ್ಯಕ್ಕೂ ಒಂದು ‘ಸರ್’.

ಅವರ ಜೊತೆ ಅದೇ ಶಾಲೆಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ಒಬ್ಬರು ಬಂದಿದ್ದರು. ನಲವತ್ತರ ಹತ್ತಿರದವರು, ಗಣಿತ ಮತ್ತು ವಿಜ್ಞಾನ ಎರಡನ್ನೂ ತೆಗೆದುಕೊಳ್ಳುತ್ತಿದ್ದವರು. ಮಾಸ್ತರು ಎಲ್ಲಿಗೆ ಹೋದರೂ ಅಕ್ಕೋರು ಅರ್ಧ ಹೆಜ್ಜೆ ಮುಂದೆ ನಡೆಯುವರು. ಮೆಟ್ಟಿಲು ಬಂದ ಕೂಡಲೇ ಏನಾದರೂ ಮಾತು ತೆಗೆಯುವರು: “ಈ ಮೆಟ್ಟಿಲು ನೋಡಿ ಮಾಸ್ತರ್ರೆ, ಎಷ್ಟು ಎತ್ತರ ಕಟ್ಟಿದಾರೆ.” ಹಾಜರಿ ಪುಸ್ತಕದಲ್ಲಿ ಸಹಿಯ ಜಾಗಕ್ಕೆ ಬೆರಳಿಟ್ಟು, “ನಂದು ಇಲ್ಲಿ, ನಿಮ್ಮದು ಕೆಳಗೆ” ಎನ್ನುವರು. ನಾನು ಬೇರೇನೋ ಸಂಬಂಧ ಊಹಿಸಿದ್ದೆ. ಊಹಿಸಿ ಒಳಗೊಳಗೇ ನಕ್ಕಿದ್ದೆ ಕೂಡ.

ಊಟ ಮುಗಿಸಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಅಕ್ಕೋರು ಒಬ್ಬರೇ ಬಂದರು.

“ಸರ್, ಒಂದು ಮಾತು. ನಾಡಿದ್ದು ಕಿಟಕಿ ಮುಚ್ಚಿ ಕತ್ತಲೆ ಮಾಡಿ ತೋರಿಸ್ತೆ ಹೇಳಿದ್ರಲ್ಲ. ಆಗ ನಮ್ಮ ಮಾಸ್ತರ್ರನ್ನ ಎಬ್ಬಿಸೂಕೆ ಹೋಗಬೇಡಿ.”

“ಯಾಕೆ ಅಕ್ಕೋರೆ?”

“ಬೆಳಕು ಕಮ್ಮಿ ಆದ್ರೆ ಅವರಿಗೆ ಎಂತದೂ ಕಾಣೂದಿಲ್ಲ. ಹಗಲಿಗೆ ಅಡ್ಡಿಲ್ಲ. ಬಿಸಿಲಲ್ಲಿ ಓದ್ತ್ರು, ಬರಿತ್ರು.”

“ಆಫೀಸಿಗೆ ಗೊತ್ತದೆಯಾ?”

“ಗೊತ್ತಾದ್ರೆ ಆತಲ್ಲ ಕಥೆ. ಕ್ಲಾಸಿಂದ ತೆಗೆದು ಎಲ್ಲಾದ್ರೂ ಮೂಲೆಗೆ ಕೂರಿಸ್ತ್ರು. ಇನ್ನು ಎರಡು ವರ್ಷ ಅದೆ ಅವರಿಗೆ. ಬೋರ್ಡಿನ ಎದುರು ನಿಂತೇ ನಿವೃತ್ತಿ ಆಗಬೇಕು ಹೇಳಿ ಅದೊಂದೇ ಆಸೆ. ನಿಮ್ಮ ಹತ್ರ ಹೇಳಿದ್ದು ಅವರಿಗೆ ತಿಳಿಯೂದು ಬೇಡ.”

“ಆತು ಅಕ್ಕೋರೆ. ಯಾರ ಹತ್ರನೂ ಹೇಳೂದಿಲ್ಲ.”

ಇಷ್ಟು ನನಗೆ ಅಕ್ಷರಶಃ ನೆನಪಿದೆ. ನಲ್ಲಿಯಿಂದ ನೀರು ಹನಿಯುತ್ತಿತ್ತು, ಅಕ್ಕೋರ ಸೀರೆಯ ಅಂಚು ಒದ್ದೆಯಾಗಿತ್ತು. ಅನುಕೂಲವಿಲ್ಲದ ನೆನಪುಗಳು ಹೀಗೆ ಒಂದು ಚೂರೂ ಮಾಸದೆ ಉಳಿದುಬಿಟ್ಟಿವೆ.

ಅವತ್ತಿನಿಂದ ನಾನು ಮಾಸ್ತರರನ್ನು ಗಮನಿಸತೊಡಗಿದೆ. ಅವರು ಎಲ್ಲರಿಗಿಂತ ಮೊದಲೇ ಬರುತ್ತಿದ್ದರು. ಬಾಗಿಲಿನಿಂದ ಕುರ್ಚಿಗೆ, ಕುರ್ಚಿಯಿಂದ ಪಾಯಖಾನೆಗೆ, ಜಗಲಿಯ ಈ ತುದಿಯಿಂದ ಆ ತುದಿಗೆ, ಬೆಳಕು ಚೆನ್ನಾಗಿರುವಾಗಲೇ ನಡೆದು ಅಳೆಯುತ್ತಿದ್ದರು. ತುಟಿ ಸಣ್ಣಗೆ ಅಲುಗುತ್ತಿತ್ತು. ಹೆಜ್ಜೆ ಎಣಿಸುತ್ತಿದ್ದರು. ಒಮ್ಮೆ ಎಣಿಸಿದರೆ ಆಮೇಲೆ ಮೋಡ ಕವಿದರೂ ಕರೆಂಟು ಹೋದರೂ ಯಾರಿಗೂ ಅನುಮಾನ ಬಾರದ ಹಾಗೆ ನಡೆಯುತ್ತಿದ್ದರು. ಇಷ್ಟು ವರ್ಷ ಹೀಗೇ ದಾಟಿಸಿಕೊಂಡು ಬಂದಿದ್ದರು.

ಎರಡನೇ ದಿನ ರಿಮೋಟಿನ ಪಾಠ. ರಿಮೋಟಿನಿಂದ ಹೊರಡುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅದು ಹೊರಡುತ್ತಿದೆ ಎಂದು ತೋರಿಸಲು ನಮ್ಮ ಅಂಗಡಿಯಲ್ಲಿ ಒಂದು ಉಪಾಯವಿತ್ತು. ಹಳೆಯ ರೇಡಿಯೋ ಹಚ್ಚಿ, ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ಮುಳ್ಳು ತಿರುಗಿಸಿ, ಪಕ್ಕದಲ್ಲಿ ರಿಮೋಟು ಹಿಡಿದು ಗುಂಡಿ ಒತ್ತುವುದು. ರೇಡಿಯೋ ಟರ್ ಟರ್ ಎಂದು ಸದ್ದು ಮಾಡುತ್ತದೆ. ಮೊಬೈಲಿನ ಕ್ಯಾಮೆರಾದಲ್ಲೂ ಆ ಬೆಳಕು ಕಾಣುತ್ತದೆ ಎಂದು ಒಬ್ಬ ಎಳೆಯ ಶಿಕ್ಷಕ ತೋರಿಸಿದ. ಎಲ್ಲರೂ ಅವನ ಮೊಬೈಲಿಗೆ ಮುಗಿಬಿದ್ದರು. ಮಾಸ್ತರು ಮಾತ್ರ ರೇಡಿಯೋ ಪಕ್ಕದಲ್ಲೇ ಉಳಿದರು.

“ಸರ್, ಮತ್ತೊಂದ್ಸಲ ಒತ್ತಿ. ಇದು ಮುಂದೆ. ಇದು ಎಡ ಅಲ್ದಾ? ಸದ್ದು ಬೇರೆ ಬರ್ತದೆ. ಹಾಂ, ಇದು ಬಲ.”

ಹತ್ತರಲ್ಲಿ ಎಂಟು ಸರಿ ಹೇಳಿದರು. ಒಂಬತ್ತೋ. ನಾನು ನಾಲ್ಕು ವರ್ಷ ಆ ಅಂಗಡಿಯಲ್ಲಿ ಕೂತವನು, ನನಗೆ ಅದು ಬರೀ ಸದ್ದು. ಶಿಕ್ಷಕರು ಚಪ್ಪಾಳೆ ತಟ್ಟಿದರು. ಮಾಸ್ತರು ಹುಡುಗನ ಹಾಗೆ ನಾಚಿದರು. ನನ್ನ ಪಾಠದಲ್ಲಿ ಅವರು ಗೆದ್ದದ್ದು ನನಗೆ ಸೇರಲಿಲ್ಲ.

ಮಧ್ಯಾಹ್ನ ಬೆಳಕಿನ ಸೆನ್ಸರ್ ಕೈಗೆ ಕೊಟ್ಟೆ. ಕಿರುಬೆರಳಿನ ಉಗುರಿಗಿಂತ ಚಿಕ್ಕ ಬಿಲ್ಲೆ. ಬೆಳಕು ಬಿದ್ದರೆ ಕರೆಂಟಿಗೆ ದಾರಿ ಬಿಡುತ್ತದೆ, ಕತ್ತಲಾದರೆ ತಡೆಯುತ್ತದೆ. ಮಾಸ್ತರು ಅದನ್ನು ಬಹಳ ಹೊತ್ತು ಬೆರಳ ತುದಿಯಲ್ಲಿ ಹಿಡಿದುಕೊಂಡಿದ್ದರು.

“ಸರ್, ಕತ್ತಲೆ ಆತು ಹೇಳಿ ಇದಕ್ಕೆ ಹೆಂಗೆ ಗೊತ್ತಾಗೂದು? ಪೂರ್ತಿ ಕತ್ತಲೆ ಬಿಡಿ. ಅರ್ಧ ಕತ್ತಲೆ?”

“ಅದಕ್ಕೆ ಗೊತ್ತಾಗೂದಿಲ್ಲ ಸರ್. ಇಲ್ಲೊಂದು ಸಣ್ಣ ಸ್ಕ್ರೂ ಅದೆ ನೋಡಿ, ಇದನ್ನ ತಿರುಗಿಸಿ ನಾವೇ ಹೇಳೂದು. ಇಲ್ಲಿಂದ ಈಚೆ ಕತ್ತಲೆ ಹೇಳಿ.”

“ನಾವೇ ಹೇಳೂದಾ?” ಎಂದರು. ಸೆನ್ಸರನ್ನು ನನ್ನ ಅಂಗೈಗೆ ವಾಪಸು ಇಟ್ಟರು.

ಮೂರನೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಕತ್ತಲೆ ಮಾಡಿದೆವು. ಪಡುವಣ ಬದಿಗೆ ಮಳೆಗಾಲಕ್ಕೆ ಕಟ್ಟಿದ್ದ ತೆಂಗಿನ ಮಡಲ ತಟ್ಟಿಗಳನ್ನು ಇನ್ನೂ ಬಿಚ್ಚಿರಲಿಲ್ಲ. ಉಳಿದ ಕಿಟಕಿಗಳಿಗೆ ಕರಿ ಪ್ಲಾಸ್ಟಿಕ್ ಹೊದೆಸಿದೆವು. ಹೊರಗಿನ ಬೆಳಕು ಬಿದ್ದರೆ ಸೆನ್ಸರ್ ದಾರಿ ತಪ್ಪುತ್ತದೆ ಎಂಬುದು ಕಾರಣ. ನಿಜವಾದ ಕಾರಣವೇ. ಹೆಂಚಿನ ಸಂದಿಯಿಂದ ಅಷ್ಟಿಷ್ಟು ಬೆಳಕು ಬರುತ್ತಿತ್ತು. ಹತ್ತು ನಿಮಿಷ ಕಳೆದರೆ ಮಿಕ್ಕವರಿಗೆಲ್ಲ ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು.

ಸಭಾಂಗಣದ ತುದಿಯಲ್ಲಿ ಸಿಮೆಂಟಿನ ವೇದಿಕೆ, ಸೊಂಟದಷ್ಟು ಎತ್ತರ. ಅದರ ಮೇಲೆ ಗಾಡಿ ಬಿಟ್ಟೆ. ಗಾಡಿಯ ಮೂಗಿನ ಕೆಳಗೆ ಒಂದು ಪುಟ್ಟ ದೀಪ, ಪಕ್ಕದಲ್ಲಿ ಸೆನ್ಸರ್. ದೀಪದ ಬೆಳಕು ನೆಲಕ್ಕೆ ತಾಗಿ ಸೆನ್ಸರಿಗೆ ವಾಪಸು ಬರುವ ತನಕ ಗಾಡಿ ಓಡುತ್ತದೆ. ನೆಲ ಮುಗಿದರೆ ಬೆಳಕು ವಾಪಸು ಬರುವುದಿಲ್ಲ. ಆಗ ರಿಮೋಟು ಏನೇ ಹೇಳಿದರೂ ಗಾಡಿ ಕೇಳುವುದಿಲ್ಲ. ನಾನು ಮುಂದೆ ಹೋಗುವ ಗುಂಡಿ ಒತ್ತಿ ಹಿಡಿದೆ. ಗಾಡಿ ವೇದಿಕೆಯ ಅಂಚಿಗೆ ಹೋಗಿ, ಎರಡು ಬೆರಳು ಉಳಿದಿರುವಾಗ ನಿಂತಿತು.

“ನಮ್ಮ ಹೆಡ್ಮಾಸ್ತರ್ರಿಗೆ ಇದೊಂದು ಹಾಕಿಕೊಡಿ ಸರ್” ಎಂದ ಮೊಬೈಲಿನ ಶಿಕ್ಷಕ. “ಭಾಷಣಕ್ಕೆ ನಿಂತ್ರೆ ಎಲ್ಲಿ ನಿಲ್ಲಿಸಬೇಕು ಹೇಳಿ ಅವರಿಗೆ ತಿಳಿಯೂದೇ ಇಲ್ಲ.”

ಎಲ್ಲರೂ ನಕ್ಕರು. ನಗು ಎದ್ದ ಕೋಣೆಯಲ್ಲಿ ಮುಂದಿನದನ್ನು ಮಾಡುವುದು ಸುಲಭ.

ಮಕ್ಕಳಿಗೆ ರಿಮೋಟ್ ಕಲಿಸುವಾಗ ಒಂದು ಆಟ ಆಡಿಸುತ್ತಿದ್ದೆ. ಒಬ್ಬ ರೋಬೋಟ್, ಒಬ್ಬ ರಿಮೋಟ್. ರೋಬೋಟ್ ಆದವನ ಕಣ್ಣಿಗೆ ಬಟ್ಟೆ ಕಟ್ಟಬೇಕು. ರಿಮೋಟು ‘ಮುಂದೆ’ ಎಂದರೆ ಒಂದೇ ಹೆಜ್ಜೆ ಮುಂದೆ, ‘ಎಡ’ ಎಂದರೆ ನಿಂತಲ್ಲೇ ಎಡಕ್ಕೆ ತಿರುಗುವುದು. ಸ್ವಂತ ಬುದ್ಧಿ ಬಳಸಿದರೆ ಔಟು. ಇದನ್ನು ನಾನು ಯಾವಾಗಲೂ ಆಟದ ಮೈದಾನದಲ್ಲೇ ಆಡಿಸಿದ್ದು. ವೇದಿಕೆಯ ಮೇಲೆ ಯಾವತ್ತೂ ಆಡಿಸಿರಲಿಲ್ಲ. ಅವತ್ತು ಶಿಕ್ಷಕರಿಗೂ ಇದೇ ನಿಯಮ ಹೇಳಿದೆ.

“ಸರ್, ನೀವು ಬನ್ನಿ” ಎಂದೆ, ಮಾಸ್ತರರ ಕಡೆ ತಿರುಗಿ. “ನಿನ್ನೆ ರಿಮೋಟಿನ ಸದ್ದು ಹಿಡಿದವರು ನೀವು. ನೀವೇ ರೋಬೋಟ್.”

ಅಕ್ಕೋರು ತಟ್ಟನೆ ಎದ್ದರು. “ನಾ ಬರ್ತೆ ಸರ್. ನಾ ಆಗ್ತೆ ರೋಬೋಟು.”

“ನಿಮ್ಮದು ಆಮೇಲೆ ಅಕ್ಕೋರೆ.”

“ಇಲ್ಲ ಸರ್, ಮಾಸ್ತರ್ರಿಗೆ ಮೊಣಕಾಲು ನೋವು...”

“ಹೋಯ್, ಎಂತ ಮೊಣಕಾಲು! ನಿನ್ನೆ ಚಪ್ಪಾಳೆ ಹೊಡಿಸಿಕೊಂಡವರು ಇವತ್ತು ತಪ್ಪಿಸಿಕೊಳ್ಳೂಕಾಗ್ತದಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗು.

ಮಾಸ್ತರು ಎದ್ದರು. “ಇರ್ಲಿ ಅಕ್ಕೋರೆ” ಎಂದರು. ಪಕ್ಕದ ಮೆಟ್ಟಿಲು ಮೂರು. ಎಣಿಸಿದವರ ಹಾಗೆ ತಡವರಿಸದೆ ಹತ್ತಿದರು. ವೇದಿಕೆಯ ಹಿಂದಿನ ಗೋಡೆಗೆ ಬೆನ್ನು ತಾಗಿಸಿ ನಿಂತರು. ಕಣ್ಣಿಗೆ ಬಟ್ಟೆ ಬೇಡ, ಈ ಕತ್ತಲೆಯೇ ಸಾಕು ಎಂದೆ ನಾನು. ಇದನ್ನು ಅಂದದ್ದಂತೂ ಖಂಡಿತ. ಈ ಮಾತಿಗೆ ಅಕ್ಕೋರು ನನ್ನ ಕಡೆ ನೋಡಿದ್ದು ನನಗೆ ಕಂಡಿತ್ತು.

ಕೆಳಗೆ ನಿಂತು, ಕೈಯಲ್ಲಿ ನಿಜವಾದ ರಿಮೋಟು ಹಿಡಿದು, ಗುಂಡಿ ಒತ್ತುತ್ತಾ ಬಾಯಲ್ಲೂ ಹೇಳುತ್ತಾ ಹೋದೆ. ಮುಂದೆ. ಮುಂದೆ. ಮುಂದೆ. ಹೀಗೆ ನಾಲ್ಕೈದು ಹೆಜ್ಜೆ. ಮಾಸ್ತರರ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಾರೆ ಎಂದು ನನಗೆ ತಿಳಿಯಿತು. ನೋಡುವವರಿಗೆ ಅವರು ಕಣ್ಣು ಕಾಣುವ ಮನುಷ್ಯನೇ. ಹಾಗೇ ಬಿಟ್ಟಿದ್ದರೆ ಇನ್ನು ನಾಲ್ಕೈದು ಹೆಜ್ಜೆ ಇಟ್ಟು, ಅಂಚಿನಲ್ಲಿ ತಾವಾಗಿ ನಿಂತು, ಸ್ವಂತ ಬುದ್ಧಿ ಬಳಸಿದ್ದಕ್ಕೆ ಔಟಾಗಿ, ನಗುತ್ತಾ ಇಳಿದು ಬರುತ್ತಿದ್ದರು. ಅಷ್ಟಕ್ಕೆ ಆಟ ಮುಗಿಯುತ್ತಿತ್ತು.

ಎಡ, ಎಂದೆ. ಎಡ. ಬಲ. ಮುಂದೆ. ಎಡ. ಹಿಂದೆ. ಬಲ. ಬಲ. ಬೇಗ ಬೇಗ ಹೇಳಿದೆ. ಜನ ನಗುತ್ತಿದ್ದರು. ಮಾಸ್ತರು ಬುಗುರಿಯ ಹಾಗೆ ತಿರುಗಿದರು. ತುಟಿ ಅಲುಗುವುದು ನಿಂತಿತು. ಲೆಕ್ಕ ತಪ್ಪಿಸಬೇಕೆಂದೇ ತಿರುಗಿಸಿದ್ದು. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಬೇರೆ ಯಾವ ಕಾರಣವನ್ನೂ ನಾನು ಈವರೆಗೆ ಹುಟ್ಟಿಸಿಕೊಂಡಿಲ್ಲ.

ಕೊನೆಗೆ ಅವರ ಮುಖ ನಮ್ಮ ಕಡೆಗಿತ್ತು. ಮುಂದೆ. ಮುಂದೆ. ಮುಂದೆ ಎಂದೆ. ಮೂರು ಸಲವೋ ನಾಲ್ಕು ಸಲವೋ. ಕಣ್ಣು ಅಗಲವಾಗಿ ತೆರೆದಿತ್ತು, ಮುಖದಲ್ಲಿ ಸಣ್ಣ ನಗೆ, ಎರಡೂ ಕೈ ಸ್ವಲ್ಪ ಮುಂದೆ. ಇಲ್ಲಿ ‘ನಿಲ್ಲಿ’ ಬರಬೇಕು. ಅಥವಾ ಬರಲಿಲ್ಲ.

ಬಿದ್ದ ಸದ್ದು ನೆನಪಿಲ್ಲ. ನೆನಪಿರುವುದು ನಗು. ಅದೂ ಆಟದ ಭಾಗ ಎಂದುಕೊಂಡು, ಅವರು ನೆಲಕ್ಕೆ ಬಿದ್ದ ಮೇಲೂ ಒಂದು ಗಳಿಗೆ ಜನ ನಗುತ್ತಲೇ ಇದ್ದರು.

ಯಾರೋ ಪ್ಲಾಸ್ಟಿಕ್ ಎಳೆದು ಹಾಕಿದರು. ಬೆಳಕಿನಲ್ಲಿ ಮಾಸ್ತರು ನೆಲದ ಮೇಲೆ ಕೂತಿದ್ದರು. ಬಲಗೈ ಮಣಿಕಟ್ಟು ಬೇರೆ ಯಾರದ್ದೋ ಕೈಯ ಹಾಗೆ ಅಡ್ಡ ತಿರುಗಿತ್ತು. ಕನ್ನಡಕದ ಒಂದು ಗಾಜು ಬಿರಿದಿತ್ತು. ಅಕ್ಕೋರು ಅದನ್ನು ಹೆಕ್ಕಿ ಸೆರಗಿನಿಂದ ಒರೆಸಿ ಅವರ ಮೂಗಿನ ಮೇಲೆ ಕೂರಿಸಿದರು.

“ಮಾಸ್ತರ್ರೆ, ಎಂತ ಆತು? ಅಂಚು ಕಂಡಿಲ್ವಾ?” ಎಂದು ಒಬ್ಬರು ಕೇಳಿದರು. ಎಲ್ಲರೂ ಮಾಸ್ತರರ ಕಣ್ಣನ್ನೇ ನೋಡತೊಡಗಿದರು.

ಮಾಸ್ತರು ನಕ್ಕರು. ಮುಖ ಬೆವರಿತ್ತು. “ಕಾಣದೆ ಎಂತ? ರಿಮೋಟು ಮುಂದೆ ಅಂದ್ರೆ ರೋಬೋಟು ಮುಂದೇ ಹೋಗಬೇಕಲ್ಲ. ಬುದ್ಧಿ ಬಳಸಿದ್ರೆ ಔಟು ಹೇಳಿ ಸರ್ ಹೇಳಿದಾರೆ.” ಆಮೇಲೆ ನನ್ನ ಕಡೆ ನೋಡಿ, “ನಮಗೆ ಸೆನ್ಸರ್ ಹಾಕೂಕೆ ಮರ್ತ್ರಿ ಸರ್ ನೀವು” ಎಂದರು.

ಎಲ್ಲರಿಗೂ ಉಸಿರು ಬಂತು. ಮತ್ತೆ ನಕ್ಕರು. ಒಂದೇ ಮಾತಿನಲ್ಲಿ ಅವರು ತಮ್ಮ ಕಣ್ಣನ್ನು ಉಳಿಸಿಕೊಂಡರು, ನನ್ನನ್ನೂ ಉಳಿಸಿದರು. ಜೀಪಿನಲ್ಲಿ ಆಸ್ಪತ್ರೆಗೆ ಹೋದರು, ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಹೋದರು. ಅಷ್ಟಕ್ಕೆ ಮುಗಿದಿದ್ದರೆ ಅವರು ಎರಡು ವರ್ಷ ಬೋರ್ಡಿನ ಎದುರು ನಿಂತು ನಿವೃತ್ತಿಯಾಗುತ್ತಿದ್ದರು.

ಮಾರನೇ ದಿನ ತರಬೇತಿಯ ಉಸ್ತುವಾರಿ ಅಧಿಕಾರಿ ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಹೆದರಿದ್ದರು.

“ಒಂದು ವರದಿ ಬೇಕು ಮಾರಾಯ್ರೆ. ಕತ್ತಲೆಯಲ್ಲಿ ವಯಸ್ಸಾದವರನ್ನ ವೇದಿಕೆ ಹತ್ತಿಸಿದ್ದು ಎಂತಕ್ಕೆ ಹೇಳಿ ನಾಳೆ ಕೇಳಿದ್ರೆ ಅದು ನಿಮ್ಮ ತಲೆಗೇ ಬರ್ತದೆ. ನೋಡ್ಕಂಡು ಬರೀರಿ.”

ನೋಡಿಕೊಂಡು ಬರೆದೆ. ಇದರ ಕಾರ್ಬನ್ ಪ್ರತಿ ನನ್ನ ಹತ್ತಿರ ಇದೆ. ಈ ಇಡೀ ಬರಹದಲ್ಲಿ ಪೂರ್ತಿ ನಂಬಬಹುದಾದದ್ದು ಇದೊಂದೇ ವಾಕ್ಯ: “ಸದರಿ ಶಿಕ್ಷಕರಿಗೆ ಮಂದ ಬೆಳಕಿನಲ್ಲಿ ಕಣ್ಣು ಕಾಣಿಸದಿರುವ ವಿಷಯ ತರಬೇತುದಾರರಿಗೆ ಮುಂಚಿತವಾಗಿ ತಿಳಿದಿರಲಿಲ್ಲ.”

ಒಂದೇ ವಾಕ್ಯದಲ್ಲಿ ಅವರ ಗುಟ್ಟನ್ನು ಕೊಟ್ಟೆ, ನನ್ನ ಸುಳ್ಳನ್ನೂ ಹೇಳಿದೆ. ಬರೆಯುವಾಗ ಕೈ ನಡುಗಿತು ಎಂದು ಹೇಳಲು ಮನಸ್ಸಾಗುತ್ತದೆ. ಕಾರ್ಬನ್ ಪ್ರತಿ ನೋಡಿದರೆ ಅಕ್ಷರ ದುಂಡಗಿದೆ.

ತಿಂಗಳೊಳಗೆ ಮಾಸ್ತರರನ್ನು ಕಣ್ಣಿನ ತಪಾಸಣೆಗೆ ಕರೆಸಿದರು. ಆಮೇಲೆ ತರಗತಿಯಿಂದ ತೆಗೆದರು. ಕಚೇರಿಯೊಂದರಲ್ಲಿ ಕುರ್ಚಿ ಕೊಟ್ಟರು, ಕೆಲಸ ಕೊಡಲಿಲ್ಲ. ಕಿಟಕಿಯಿಲ್ಲದ ಕೋಣೆಯಂತೆ. ಬಂದು ಹೋಗುವವರು ಅವರ ಕಾಲು ಎಡವಿ, “ಮಾಸ್ತರ್ರೆ, ಸ್ವಲ್ಪ ಆಚೆ” ಎನ್ನುತ್ತಿದ್ದರಂತೆ. ಆರು ತಿಂಗಳು ಕೂತು, ತಾವೇ ರಾಜೀನಾಮೆ ಬರೆದುಕೊಟ್ಟು ಬಿಟ್ಟುಹೋದರಂತೆ.

ಇಷ್ಟನ್ನು ನನಗೆ ಹೇಳಿದ್ದು ಅಕ್ಕೋರು. ಮುಂದಿನ ಮಳೆಗಾಲ ಕಳೆದ ಮೇಲೆ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ನಾನು ನೋಡದ ಹಾಗೆ ಹೋಗುತ್ತಿದ್ದೆ, ಅವರೇ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ನಿಮಗೆ ಗೊತ್ತಿತ್ತು ಸರ್. ನಾನೇ ಹೇಳಿದ್ದೆ” ಎಂದರು. “ನಾ ಹೇಳದೇ ಇದ್ದಿದ್ರೆ ನೀವು ಅವರನ್ನ ಕರೀತಿರಲಿಲ್ಲ. ಅಲ್ದಾ?”

ನಾನು ಬಸ್ಸು ಬರುವ ಕಡೆ ನೋಡಿದೆ. ಅವರೇ ಮುಂದುವರಿಸಿದರು.

“ಅವತ್ತು ಬೆಳಿಗ್ಗೆ ಅವರು ಆ ವೇದಿಕೆನೂ ಅಳೆದಿದ್ರು. ನಾ ಅವರ ಜೊತಿಗೇ ಇದ್ದೆ. ಗೋಡೆಯಿಂದ ಅಂಚಿಗೆ ಒಂಬತ್ತು ಹೆಜ್ಜೆ. ಎಂತಕ್ಕೂ ಇರ್ಲಿ ಹೇಳಿ ಎಣಿಸಿ ಇಟ್ಕಂಡಿದ್ರು.”

“ಮತ್ತೆ ಬಿದ್ದದ್ದು ಹೆಂಗೆ ಅಕ್ಕೋರೆ?”

“ನನ್ನ ಹತ್ರ ಕೇಳ್ತ್ರಾ?” ಎಂದರು. ಬಸ್ಸು ಬಂತು. ಹತ್ತುವ ಮೊದಲು, “ನಿಮ್ಮ ಸುದ್ದಿ ಒಂದ್ಸಲ ತೆಗೆದಿದ್ರು. ಆ ಮಾವಳ್ಳಿ ಹುಡುಗ ಎಂತ ಮಾಡ್ತ ಈಗ, ಹೇಳಿ” ಎಂದರು.

ಸಂಪನ್ಮೂಲ ವ್ಯಕ್ತಿಯನ್ನು ಯಾರೂ ಹುಡುಗ ಎನ್ನುವುದಿಲ್ಲ. ಆದರೆ ವಯಸ್ಸಾದ ಮಾಸ್ತರು ಅನ್ನಲೂಬಹುದು. ಊರಿನ ಹೆಸರು ನಾನೇ ಹೇಳಿ ಕೊಟ್ಟದ್ದು. ಇದರಿಂದ ಏನೂ ಸಾಬೀತಾಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಕೊನೆಯ ಪಕ್ಷ ಒಂದು ಕಾರಣವಾದರೂ ಉಳಿಯುತ್ತಿತ್ತು. ಬಾಗಿಲ ಹತ್ತಿರ ಬೆನ್ನು ಕೊಟ್ಟು ನಿಂತ ಹುಡುಗ, ಎದ್ದ ಕೈಗಳು. ಅದೂ ಉಳಿಯಲಿಲ್ಲ. ಹೊನ್ನಾವರದ ಹತ್ತಿರದ ಕಾಸರಕೋಡಿನ ಬಂದರಿನಲ್ಲಿ ನನ್ನ ಹೈಸ್ಕೂಲಿನ ಸಹಪಾಠಿಯೊಬ್ಬ ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದ. ಅವರ ಮನೆಯೂ ನಮ್ಮ ಮನೆಯ ಸಾಲಿನದೇ, ಅವರದೂ ಮೀನು ಒಣಗಿಸುವ ಅಂಗಳ. ವರ್ಷಗಳ ನಂತರ ಒಂದು ಮಧ್ಯಾಹ್ನ ಅವನ ಜೊತೆ ಚಾ ಕುಡಿಯುವಾಗ ಮಾಸ್ತರರ ಮಾತು ಬಂತು. ನಾನು ನನ್ನ ನುಣುಪಾದ ಕಥೆ ಹೇಳಿದೆ. ಅವನು ಕೈಗೆ ಹತ್ತಿದ ಗ್ರೀಸನ್ನು ಚಿಂದಿಯಿಂದ ಒರೆಸುತ್ತಾ ಪೂರ್ತಿ ಕೇಳಿಸಿಕೊಂಡು ಹೇಳಿದ.

“ಅದು ನೀನಲ್ಲ ಮಾರಾಯ. ನಾನು.”

“ಎಂತ?”

“ಬಾಗ್ಲ ಹತ್ರ ನಿಲ್ಲಿಸಿದ್ದು ನನ್ನ. ನೀನು ಎದುರಿನ ಬೆಂಚಲ್ಲಿ ಕೂತಿದ್ದೆ. ಮೊದಲು ಕೈ ಎತ್ತಿದವನೇ ನೀನು. ನಿನ್ನ ಅಂಗಿದೂ ಅದೇ ವಾಸನೆ, ಆದ್ರೂ ಎತ್ತಿದೆ. ಅದಕ್ಕೇ ನಂಗೆ ನೆನಪು.”

“ಇಲ್ಲ. ನನಗೆ ಬೆನ್ನಿಗೆ ಗಾಳಿ ತಾಗಿದ್ದು ನೆನಪದೆ.”

“ತಾಗಿರ್ಬೇಕು. ಬೇರೆ ದಿನ ತಾಗಿರ್ಬೇಕು.” ಅವನಿಗೆ ಸಿಟ್ಟಿರಲಿಲ್ಲ. “ಬಿಡಾ. ಮಾಸ್ತರ್ರು ಒಳ್ಳೆ ಪಾಠ ಮಾಡ್ತಿದ್ರು. ಈಗೆಲ್ಲಿದ್ರಂತೆ?”

ನಾನು ಗೊತ್ತಿಲ್ಲ ಎಂದೆ. ಅವನ ಮಾತೂ ನೆನಪೇ, ನನ್ನದರಷ್ಟೇ ಹಳೆಯದು. ಅವನದನ್ನು ಯಾಕೆ ನಂಬಬೇಕು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ವಾದ ಮಾಡಿದೆ. ಆದರೆ ಅವನು ಹೇಳಿದ ಮೇಲೆ ನನ್ನ ಕೈ ಮೇಲಕ್ಕೆ ಏಳುವುದು ನನಗೆ ಕಾಣತೊಡಗಿದೆ. ಸೇರಿಸಿಕೊಂಡದ್ದೋ, ಇದ್ದದ್ದೋ. ಗಾಳಿ ಬೆನ್ನಿಗೆ ತಾಗುವುದೂ ನಿಂತಿಲ್ಲ. ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ, ಆದರೂ ಇವೆ.

ಒಮ್ಮೆ ಹೊನ್ನಾವರದ ಆ ಶಾಲೆಗೂ ಹೋದೆ. ಹಗಲಿನಲ್ಲಿ, ಅನುಮತಿ ಕೇಳಿಯೇ. ವೇದಿಕೆ ಅಳೆಯೋಣ, ಅವತ್ತು ನಾನು ಎಷ್ಟು ಸಲ ‘ಮುಂದೆ’ ಎಂದಿರಬಹುದು ಲೆಕ್ಕ ಹಾಕೋಣ ಎಂದುಕೊಂಡಿದ್ದೆ. ವೇದಿಕೆಗೆ ಟೈಲ್ಸ್ ಹಾಕಿದ್ದರು, ಮುಂದಕ್ಕೆ ಬೇರೆ ಚಾಚಿಸಿ ಕಟ್ಟಿದ್ದರು. ನನ್ನ ಕಾಲಿಗೆ ಹನ್ನೊಂದು ಹೆಜ್ಜೆ ಬಂತು. ಅದರಿಂದ ಏನೂ ಗೊತ್ತಾಗಲಿಲ್ಲ.

ಮಾಸ್ತರರನ್ನು ಹುಡುಕಿಕೊಂಡು ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಈಗ ಅವರು ಇದ್ದಾರೋ ಇಲ್ಲವೋ ತಿಳಿಯದು. ಬಾಗಿಲ ಹತ್ತಿರ ನಿಂತವನು ನಾನೋ ಅವನೋ ತಿಳಿಯದು. ನಾನು ‘ನಿಲ್ಲಿ’ ಎಂದೆನೋ ಇಲ್ಲವೋ ತಿಳಿಯದು. ಆ ಕೊನೆಯ ಮೂರು ಹೆಜ್ಜೆಗಳಲ್ಲಿ ಮಾಸ್ತರರ ಲೆಕ್ಕ ತಪ್ಪಿತ್ತೋ, ಅಥವಾ ಅಂಚು ಬಂದರೆ ಇವನು ಹೇಳುತ್ತಾನೆ ಎಂದು ನನ್ನನ್ನು ನಂಬಿ ಅವರೇ ಎಣಿಸುವುದನ್ನು ಬಿಟ್ಟಿದ್ದರೋ, ಅದು ನನಗೆ ಗೊತ್ತಿಲ್ಲ.